ಕೈಕಾಲು ಗಟ್ಟಿ ಇದ್ದೂ ದುಡಿಯದವರನ್ನು ಕಂಡರೆ ನಮಗೇಕೆ ಸಿಟ್ಟು?

ಪ್ರಶ್ನೆ: ನನ್ನ ಮಗನಿಗೆ 31 ವರ್ಷ. ಬೆಂಗಳೂರಿನ ಕಂಪನಿಯೊಂದರಲ್ಲಿ ಏಳು ವರ್ಷ ದುಡಿದವನು, ಯಾರೂ ತೆಗೆಯದಿದ್ದರೂ ತಾನಾಗಿಯೇ ರಾಜೀನಾಮೆ ಕೊಟ್ಟು ಹುಬ್ಬಳ್ಳಿಗೆ ಬಂದಿದ್ದಾನೆ. ಬೇರೆ ನೌಕರಿ ಹುಡುಕುತ್ತಿಲ್ಲ. ‘ಸದ್ಯ ದುಡಿಯುವ ಮನಸ್ಸಿಲ್ಲ, ಕೂಡಿಟ್ಟಿದ್ದರಲ್ಲಿ ಇರುತ್ತೇನೆ’ ಎನ್ನುತ್ತಾನೆ. ಬೆಳಿಗ್ಗೆ ಉಣಕಲ್ ಕೆರೆಯ ಕಡೆ ತಿರುಗಾಡಿ ಬರುತ್ತಾನೆ, ಓದುತ್ತಾನೆ, ಅಡುಗೆಮನೆಯಲ್ಲಿ ನನಗೆ ಕೈಗೂಡಿಸುತ್ತಾನೆ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಅವನ ತಂದೆಗೆ ಇದನ್ನು ನೋಡಲಾಗುತ್ತಿಲ್ಲ. ಓಣಿಯವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ದುಡಿಯದಿರುವುದು ಅಷ್ಟು ದೊಡ್ಡ ತಪ್ಪೇ?

ಉತ್ತರ: ಹೆಸರು, ಊರು ಬದಲಾದರೂ ಇದೇ ಪ್ರಶ್ನೆಯನ್ನು ತಾಯಂದಿರು, ಅಕ್ಕಂದಿರು, ಕೆಲವೊಮ್ಮೆ ಕೆಲಸ ಬಿಟ್ಟವರೇ ಕೇಳುತ್ತಿರುತ್ತಾರೆ. ತಪ್ಪೋ ಸರಿಯೋ ಎಂದು ತೀರ್ಮಾನಿಸುವ ಮೊದಲು ಓಣಿಯವರ ಸಿಟ್ಟು ನಿಜವಾಗಿ ಯಾವುದರ ಮೇಲಿದೆ ಎಂದು ಬಿಡಿಸಿ ನೋಡುವುದು ಒಳ್ಳೆಯದು. ಒಬ್ಬ ಮನುಷ್ಯ ದುಡಿಯದೆ ಇರುವುದನ್ನು ನಮ್ಮ ಭಾಗದ ಜನ ಸಾಕಷ್ಟು ಸಲೀಸಾಗಿಯೇ ಸಹಿಸುತ್ತಾರೆ. ಅವನ ಊಟದ ಲೆಕ್ಕ ಯಾರ ಹೆಸರಿಗೆ ಬೀಳುತ್ತದೆ ಎಂಬುದು ಗೊತ್ತಾಗದಿದ್ದಾಗ ಮಾತ್ರ ಅವರ ಸಹನೆ ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಗದಗ ಜಿಲ್ಲೆಯ ಯಾವುದೇ ಎರಿಭೂಮಿಯ ಹಳ್ಳಿಗೆ ಹೋದರೂ ಹಗಲು ಹನ್ನೊಂದರ ಹೊತ್ತಿಗೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತಿರುತ್ತಾರೆ. ಅವರಲ್ಲಿ ಒಬ್ಬರು ಇಪ್ಪತ್ತು ಎಕರೆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿ, ಊರ ಮುಂದಿನ ಎರಡು ಅಂಗಡಿಗಳ ಬಾಡಿಗೆ ತೆಗೆದುಕೊಂಡು, ಬಿಳಿ ಧೋತರದ ಚುಂಗನ್ನು ಸರಿಮಾಡಿಕೊಳ್ಳುತ್ತ ಎಲೆ ಅಡಿಕೆ ಹಾಕುತ್ತಿರುತ್ತಾರೆ. ಅವರ ಪಕ್ಕದಲ್ಲಿ ಬಿ.ಎ. ಮುಗಿಸಿದ, ಮೂರು ಎಕರೆಯವರ ಮನೆಯ ಹುಡುಗನೊಬ್ಬ ಮೊಬೈಲ್ ನೋಡುತ್ತ ಕುಳಿತಿರುತ್ತಾನೆ. ಆ ಹೊತ್ತಿನಲ್ಲಿ ಇಬ್ಬರೂ ಮಾಡುತ್ತಿರುವ ಕೆಲಸ ಒಂದೇ, ಅಂದರೆ ಏನೂ ಇಲ್ಲ. ಆದರೆ ಹಾದು ಹೋಗುವವರು ಮೊದಲನೆಯವರಿಗೆ ‘ಶರಣ್ರೀ ಗೌಡ್ರ, ಆರಾಮದೀರಿ?’ ಎನ್ನುತ್ತಾರೆ; ಎರಡನೆಯವನಿಗೆ ‘ಏನಪಾ, ಇನ್ನೂ ಖಾಲೀನ ಅದಿ?’ ಎನ್ನುತ್ತಾರೆ. ಉಡಾಳ ಎಂಬ ಬಿರುದು ಬರುವುದೂ ಅವನಿಗೇ. ಗೌಡರು ಎಂದೂ ನೇಗಿಲು ಹಿಡಿದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದರೂ ಯಾರೂ ಅದನ್ನು ಎತ್ತಿ ಆಡುವುದಿಲ್ಲ.

ಸರ್ಕಾರದ ಲೆಕ್ಕದವರು ಈ ವಿಷಯದಲ್ಲಿ ಓಣಿಯವರಿಗಿಂತ ನಿಷ್ಪಕ್ಷಪಾತಿಗಳು. 2017-18ರಿಂದ ನಡೆಯುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಕೆಲಸ ಇಲ್ಲದಿದ್ದರೂ ಹುಡುಕುತ್ತಿರುವವನು, ಅಥವಾ ಸಿಕ್ಕರೆ ಮಾಡಲು ಸಿದ್ಧನಿರುವವನು ನಿರುದ್ಯೋಗಿ. ಹುಡುಕದೆಯೂ ಬಯಸದೆಯೂ ಇರುವವನು ಕಾರ್ಮಿಕ ಬಲದ ಹೊರಗಿನವನು. ಹಾಗೆ ಹೊರಗಿರುವವರಲ್ಲಿ ಬಾಡಿಗೆಯ ಮೇಲೆ ಬದುಕುವವರು, ಪಿಂಚಣಿದಾರರು, ಬೇರೆಯವರು ಕಳಿಸುವ ಹಣದಲ್ಲಿ ಇರುವವರು ಎಲ್ಲರಿಗೂ ಒಂದೇ ಸಂಕೇತ ಸಂಖ್ಯೆ. ಅಂದರೆ ಲಾವಣಿಯ ಗೌಡರಿಗೂ ನಿವೃತ್ತರಾದ ನಿಮ್ಮ ಯಜಮಾನರಿಗೂ ಅಲ್ಲಿ ಒಂದೇ ಸಾಲಿನಲ್ಲಿ ಜಾಗ. ನಿಮ್ಮ ಮಗನೂ ಅವರಿಗೆ ದೂರದವನಲ್ಲ: ತಂದೆ ಹಿಂದೆ ದುಡಿದಿದ್ದನ್ನು ಈಗ ಪಿಂಚಣಿಯ ರೂಪದಲ್ಲಿ ಉಣ್ಣುತ್ತಿದ್ದಾರೆ, ಮಗ ಹಿಂದೆ ದುಡಿದಿದ್ದನ್ನು ಈಗ ಉಳಿತಾಯದ ರೂಪದಲ್ಲಿ ಉಣ್ಣುತ್ತಿದ್ದಾನೆ. ಇಬ್ಬರ ನಡುವೆ ಉಳಿಯುವ ವ್ಯತ್ಯಾಸ ವಯಸ್ಸು ಮತ್ತು ಕಚೇರಿಯ ಮೊಹರು. ಈ ಮಾತನ್ನು ಊಟಕ್ಕೆ ಕುಳಿತಾಗ ಅವರೆದುರು ಆಡಿ ಎಂದು ನಾನು ಸಲಹೆ ಕೊಡುತ್ತಿಲ್ಲ.

ಇಂಥ ಚರ್ಚೆ ಎದ್ದಾಗಲೆಲ್ಲ ನಮ್ಮಲ್ಲಿ ಯಾರಾದರೂ ಕಾಯಕ ತತ್ವವನ್ನು ಮುಂದಿಡುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ದುಡಿಯದೆ ಉಣ್ಣುವುದನ್ನು ಒಪ್ಪಲಿಲ್ಲ ಎಂಬುದು ನಿಜ. ಜಂಗಮನಿಗೂ ಕಾಯಕದಿಂದ ವಿನಾಯಿತಿ ಕೊಡದ ನಿಷ್ಠುರತೆ ಅವರಲ್ಲಿತ್ತು. ಆದರೆ ಕಾಯಕವನ್ನೇ ಕೈಲಾಸವೆಂದ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಪೂರ್ತಿ ನೆನೆಯುವವರು ಕಡಿಮೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಆತ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಬೇಯಿಸಲು ಒಪ್ಪದೆ, ಹೆಚ್ಚಿನದನ್ನು ಮೊದಲಿದ್ದಲ್ಲಿಗೇ ಸುರಿದು ಬರುವಂತೆ ಕಳಿಸುತ್ತಾಳೆ. ಕಾಯಕ ಎಂದರೆ ಸೋಮಾರಿಯ ಮೇಲೆ ಬೀಸುವ ಚಾಟಿ ಎಂದಷ್ಟೇ ತಿಳಿದವರಿಗೆ ಲಕ್ಕಮ್ಮ ಅಡ್ಡ ನಿಲ್ಲುತ್ತಾಳೆ, ಏಕೆಂದರೆ ಸಾಕಾದ ಮೇಲೂ ಗೋರಿಕೊಳ್ಳುವವನನ್ನು ಆಕೆ ಅಷ್ಟೇ ಬಿರುಸಾಗಿ ತಡೆಯುತ್ತಾಳೆ. ಇನ್ನು ಕಾಯಕದ ಜೋಡಿಯಾದ ದಾಸೋಹವಂತೂ ಉಣ್ಣುವವನ ಉದ್ಯೋಗ ಕೇಳುವ ಪದ್ಧತಿಯನ್ನೇ ಇಟ್ಟುಕೊಂಡಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಪಂಕ್ತಿಯಲ್ಲಿ ಕುಳಿತವನಿಗೆ ಬಡಿಸುವವರು ‘ನೀ ಏನ್ ಮಾಡ್ತೀಪಾ?’ ಎಂದು ಕೇಳಿದ ಮೇಲೆ ಸಾರು ಹಾಕುವುದಿಲ್ಲ.

ದುಡಿಮೆಯನ್ನು ಬಿಟ್ಟವರನ್ನು ಪೂಜಿಸುವ ರೂಢಿಯೂ ಇದೇ ನೆಲದ್ದು. ಹಾವೇರಿ ಜಿಲ್ಲೆಯ ಶಿಶುವಿನಹಾಳದ ಷರೀಫರು (1819-1889) ಶಾಲೆಯ ಮಾಸ್ತರಿಕೆ ಮಾಡುತ್ತಿದ್ದವರು ಅದನ್ನು ಬಿಟ್ಟು ಗುರು ಗೋವಿಂದಭಟ್ಟರ ಹಿಂದೆ ಹೋದರು. ಅವರಿಗೂ ಬದುಕಿದ್ದಾಗ ಸಾಲ, ನಿಂದೆ ತಪ್ಪಲಿಲ್ಲ. ಇಂದು ಅವರ ಗದ್ದುಗೆಗೆ ಜಾತ್ರೆ ಸೇರುತ್ತದೆ. ಎಲ್ಲರೂ ಷರೀಫರಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ, ಅದು ಸರಿಯೂ ಹೌದು. ಆದರೆ ಮಾಸ್ತರಿಕೆ ಬಿಟ್ಟ ದಿನ ಷರೀಫರು ಷರೀಫರಾಗುತ್ತಾರೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಯಾವುದನ್ನು ಕೆಲಸ ಎನ್ನಬೇಕು ಎಂಬಲ್ಲಿಯೂ ನಮ್ಮ ಲೆಕ್ಕ ಅಷ್ಟೊಂದು ನೇರವಾಗಿಲ್ಲ. ನಸುಕಿನ ಐದಕ್ಕೆ ಎದ್ದು, ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಮನೆಯವರಿಗೆಲ್ಲ ರೊಟ್ಟಿ ಬಡಿಯುವ ಹೆಣ್ಣುಮಗಳು ಸಮೀಕ್ಷೆಯಲ್ಲಿ ‘ಮನೆಗೆಲಸ ಮಾತ್ರ’ ಎಂಬ ಖಾನೆಗೆ ಸೇರಿ ಕಾರ್ಮಿಕ ಬಲದ ಹೊರಗೆ ಉಳಿಯುತ್ತಾಳೆ. ಅದೇ ಹೆಣ್ಣುಮಗಳು ಅದೇ ಹಂಚಿನ ಮೇಲೆ ಬೇಯಿಸಿದ ಖಡಕ್ ರೊಟ್ಟಿಯನ್ನು ಖಾನಾವಳಿಗೆ ಮಾರಿದರೆ ಅಂದಿನಿಂದ ಉದ್ಯೋಗಸ್ಥಳು. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಐದು ಗಂಟೆ ಹೀಗೆ ದುಡಿದವಳು ಫಾರಂ ತುಂಬುವಾಗ ‘ಏನೂ ಮಾಡೂದಿಲ್ರಿ, ಮನ್ಯಾಗ ಇರ್ತೇನಿ’ ಎಂದು ತಾನೇ ಬರೆಸುತ್ತಾಳೆ. ನಿಮ್ಮ ಮಗ ಅಡುಗೆಮನೆಯಲ್ಲಿ ಕೈಗೂಡಿಸುವುದನ್ನು ಓಣಿಯವರು ಲೆಕ್ಕಕ್ಕೆ ಹಿಡಿಯದಿರಲು ಕಾರಣ ಇದೇ: ಅವರು ನಿಮ್ಮ ಕೆಲಸವನ್ನೂ ಎಂದೂ ಲೆಕ್ಕಕ್ಕೆ ಹಿಡಿದಿಲ್ಲ.

ಗಂಡುಮಕ್ಕಳ ವಿಷಯದಲ್ಲಿ ಈ ಲೆಕ್ಕವನ್ನು ನಡೆಸುವುದು ಬಹುಮಟ್ಟಿಗೆ ಮದುವೆಯ ಮಾತುಕತೆ. ಕನ್ಯಾ ನೋಡಲು ಹೋದಾಗ ಕೇಳುವುದು ಸಂಬಳವನ್ನು. ಹೊಲದಲ್ಲಿ ಬೆಳಗಿನಿಂದ ಬೈಗಿನವರೆಗೆ ದುಡಿಯುವ ರೈತನ ಮಗನಿಗೂ ಈಗ ಕನ್ಯಾ ಸಿಗುವುದು ಕಷ್ಟವಾಗಿರುವುದನ್ನು ಹಾವೇರಿ, ಧಾರವಾಡದ ಹಳ್ಳಿಗಳಲ್ಲಿ ಎಲ್ಲರೂ ಬಲ್ಲರು. ದುಡಿಮೆಯ ಮೇಲಿನ ಗೌರವವೇ ಇದಕ್ಕೆಲ್ಲ ಮೂಲವಾಗಿದ್ದರೆ ಅವನಿಗೆ ಮೊದಲು ಸಂಬಂಧ ಕೂಡಿಬರಬೇಕಾಗಿತ್ತು.

ಧಾರವಾಡದ ಸಪ್ತಾಪುರದಲ್ಲಿ ಇನ್ನೊಂದು ಬಗೆಯ ಜನರಿದ್ದಾರೆ. ಕೋಚಿಂಗ್ ಕೇಂದ್ರಗಳು, ಪಿ.ಜಿ.ಗಳು, ಗಂಟೆಗಟ್ಟಲೆ ಕುಳಿತು ಓದಲು ಮರದ ಗೂಡುಗಳನ್ನು ಬಾಡಿಗೆಗೆ ಕೊಡುವ ವಾಚನಾಲಯಗಳು ಇರುವ ಆ ಓಣಿಗಳಲ್ಲಿ, ಝೆರಾಕ್ಸ್ ನೋಟ್ಸಿನ ಕಟ್ಟು ಮತ್ತು ನೀರಿನ ಬಾಟಲಿ ಹಿಡಿದು ಓಡಾಡುವ ಇಪ್ಪತ್ತೈದು ದಾಟಿದವರು ವರ್ಷಗಟ್ಟಲೆ ಒಂದು ರೂಪಾಯಿ ದುಡಿಯದೆ ಊರಿನಿಂದ ಬರುವ ಹಣದ ಮೇಲೆ ಇರುತ್ತಾರೆ. ಆದರೆ ಊರಿನಲ್ಲಿ ಅವರ ತಂದೆ ತಲೆ ಎತ್ತಿಯೇ ‘ಧಾರವಾಡದಾಗ ಓದಾಕ ಹತ್ಯಾನ್ರಿ’ ಎನ್ನುತ್ತಾರೆ. ಗುರಿಯೊಂದನ್ನು ತೋರಿಸಿದರೆ ಸಮಾಜ ಸಾಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆ ಸಾಲಕ್ಕೂ ಗಡುವು ಇದೆ ಎಂಬುದು ಅಲ್ಲಿಯ ಹುಡುಗರಿಗೆ ಚೆನ್ನಾಗಿ ಗೊತ್ತು. 545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಎರಡು ವರ್ಷಕ್ಕೂ ಮಿಕ್ಕ ಕಾಲ ಅವರ ಕಡೆಯಿಂದ ಯಾವ ತಪ್ಪೂ ಇಲ್ಲದೆ ಹೋಯಿತು. ಊರಿನವರ ದೃಷ್ಟಿಯಲ್ಲಿ ಮಾತ್ರ ‘ಓದುವ ಹುಡುಗ’ ನಿಧಾನವಾಗಿ ‘ಖಾಲಿ ಹುಡುಗ’ನಾದ.

ಬಡವರ ವಿಷಯಕ್ಕೆ ಬಂದರೆ ಈ ದೃಷ್ಟಿ ಇನ್ನೂ ಬಿರುಸಾಗುತ್ತದೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿದ ಮೇಲೆ, ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿ ಮಾಡಿದರು, ಕಳೆ ತೆಗೆಯಲು ಆಳು ಸಿಗುತ್ತಿಲ್ಲ ಎಂಬ ಮಾತನ್ನು ಹೊಲದವರಿಂದ ಕೇಳದ ದಿನವಿಲ್ಲ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ 2024-25ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಅಂದರೆ ಗೃಹಲಕ್ಷ್ಮಿಯ ಹಣ ಆರು ದಿನದ ಕೂಲಿಗೂ ಸಾಲದು. ತಿಂಗಳ ಉಳಿದ ದಿನಗಳನ್ನು ಯಾರೂ ಅದರ ಮೇಲೆ ಮಲಗಿ ಕಳೆಯಲಾರರು. ಆ ಹಣದಿಂದ ಆಗಿರುವುದೇನಾದರೂ ಇದ್ದರೆ, ಮೊದಲಿನ ದರಕ್ಕೆ ಕರೆದಾಗ ‘ಒಲ್ಲೆ’ ಎನ್ನುವ ಸಣ್ಣ ಧೈರ್ಯ ಕೆಲವರಿಗೆ ಬಂದಿರಬಹುದು. ಮನೆಯಲ್ಲಿ ಕುಳಿತು ಬ್ಯಾಂಕಿನ ಠೇವಣಿಯ ಬಡ್ಡಿ ತೆಗೆದುಕೊಳ್ಳುವವರು ಈ 2,000 ರೂಪಾಯಿಯ ಸೋಮಾರಿತನದ ಬಗ್ಗೆ ಮಾತನಾಡುವುದನ್ನು ಕೇಳಿದಾಗ ನನಗೆ ನಗು ತಡೆಯುವುದು ಕಷ್ಟವಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂದೂ ಅನೇಕರು ಕೇಳುತ್ತಾರೆ. ನಮ್ಮ ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ದುಡಿಯಲೇಬೇಕೆಂಬುದು ಮೂಲಭೂತ ಕರ್ತವ್ಯಗಳ ಪಟ್ಟಿಯಲ್ಲಿಲ್ಲ. ಎಲ್ಲ ದೇಶಗಳೂ ಹೀಗಿರಲಿಲ್ಲ: ‘ದುಡಿಯದವನಿಗೆ ಊಟವಿಲ್ಲ’ ಎಂಬ ತತ್ವವನ್ನು ಸೋವಿಯತ್ ಒಕ್ಕೂಟದ 1936ರ ಸಂವಿಧಾನದಲ್ಲಿ ಬರೆದಿದ್ದರು, ಮತ್ತು 1964ರಲ್ಲಿ ಅಲ್ಲಿಯ ಕವಿ ಜೋಸೆಫ್ ಬ್ರಾಡ್‌ಸ್ಕಿಗೆ ‘ಪರಾವಲಂಬಿ’ ಎಂಬ ಆರೋಪದ ಮೇಲೆ ಐದು ವರ್ಷದ ಶಿಕ್ಷೆ ವಿಧಿಸಿದರು. ನಮ್ಮಲ್ಲಿ ನ್ಯಾಯಾಲಯ ಬಾಯಿ ಹಾಕುವುದು ಇನ್ನೊಬ್ಬರ ಹೊಟ್ಟೆಯ ಪ್ರಶ್ನೆ ಬಂದಾಗ. ಮೈಯಲ್ಲಿ ಶಕ್ತಿಯಿರುವ ಗಂಡ ಕೆಲಸವಿಲ್ಲವೆಂಬ ನೆಪ ಹೇಳಿ ಹೆಂಡತಿ ಮತ್ತು ಸಣ್ಣ ಮಕ್ಕಳ ಜೀವನಾಂಶ ತಪ್ಪಿಸಿಕೊಳ್ಳುವಂತಿಲ್ಲ, ಮೈಮುರಿದು ಕೂಲಿ ಮಾಡಿಯಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ತಮ್ಮನ್ನು ತಾವು ನೋಡಿಕೊಳ್ಳಲಾಗದ ವೃದ್ಧ ತಂದೆತಾಯಿಗಳು 2007ರ ಕಾಯಿದೆಯಡಿ ಮಕ್ಕಳಿಂದ ಪೋಷಣೆ ಕೇಳಬಹುದು. ಕಾನೂನಿನ ಈ ಗೆರೆ ನನಗೆ ಓಣಿಯ ಗೆರೆಗಿಂತ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಒಬ್ಬನ ಬಿಡುವಿನ ಬೆಲೆಯನ್ನು ಒಲ್ಲದ ಇನ್ನೊಬ್ಬರು ತೆರುತ್ತಿದ್ದರೆ ಅದು ತಪ್ಪು. ಇಲ್ಲದಿದ್ದರೆ ಅದು ಅವನ ಬದುಕು.

ನಿಮ್ಮ ಮನೆಯ ಸಂಗತಿಯನ್ನು ಹೀಗೆಯೇ ಅಳೆಯಬೇಕು. ಮಗ ತನ್ನ ಉಳಿತಾಯದಲ್ಲಿ ಇರುತ್ತೇನೆ ಎಂದಿದ್ದಾನೆ. ಹಾಗಾದರೆ ಸಂತಿ, ಗ್ಯಾಸ್, ಕರೆಂಟ್ ಬಿಲ್ಲಿನಲ್ಲಿ ಅವನ ಪಾಲು ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿ, ತಂದೆಯ ಕೈಗೇ ಕೊಡಲು ಹೇಳಿ. ಅವರ ಸಿಟ್ಟಿನ ಒಂದು ಭಾಗ ಪಿಂಚಣಿಯ ಮೇಲೆ ಇನ್ನೊಂದು ಭಾರ ಬಿತ್ತೇ ಎಂಬ ಹೇಳಲಾಗದ ಅಂಜಿಕೆಯಾಗಿರಬಹುದು. ಇನ್ನೊಂದು ಭಾಗಕ್ಕೆ ಮದ್ದು ಅಷ್ಟು ಸುಲಭವಲ್ಲ: ಶಿಫ್ಟಿನ ಭೋಂಗಾ ಕೇಳಿದೊಡನೆ ಡಬ್ಬಿ ಹಿಡಿದು ಓಡಿ ಬದುಕು ಕಟ್ಟಿದವರಿಗೆ, ಆ ಓಟವೇ ಬೇಡ ಎನ್ನುವ ಮಗ ತಮ್ಮ ಇಡೀ ಆಯುಷ್ಯವನ್ನು ಅಲ್ಲಗಳೆದಂತೆ ಅನಿಸುತ್ತದೆ. ಮಗನಿಗೆ ಅದು ತಿಳಿದಿರುವುದು ಒಳ್ಳೆಯದು.

ಮನಸ್ಸಿಲ್ಲ ಎಂಬ ಮಾತನ್ನು ಇನ್ನೊಂದು ದೃಷ್ಟಿಯಿಂದಲೂ ಗಮನಿಸಿ. ತಿರುಗಾಡುತ್ತಾನೆ, ಓದುತ್ತಾನೆ, ಅಡುಗೆಮನೆಯಲ್ಲಿ ನಿಮಗೆ ಕೈಗೂಡಿಸುತ್ತಾನೆ ಎಂದು ಬರೆದಿದ್ದೀರಿ. ಇವು ಒಳ್ಳೆಯ ಲಕ್ಷಣಗಳು. ಊಟ, ನಿದ್ದೆ ತಪ್ಪಿ, ಜನರನ್ನು ಕಂಡರೆ ಕೋಣೆ ಸೇರಿ, ಮೊದಲು ಇಷ್ಟವಾಗುತ್ತಿದ್ದುದೂ ಬೇಡವಾದರೆ ಅದು ಆಯ್ಕೆಯಾಗಿರಲಿಕ್ಕಿಲ್ಲ, ಆಗ ಬೈಗುಳದಿಂದ ಉಪಯೋಗವೂ ಇಲ್ಲ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಹತ್ತಿರದಲ್ಲಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಪುಕ್ಕಟೆ ಕರೆ ಮಾಡಬಹುದು.

ಓಣಿಯವರಿಗೆ ‘ಮನೆಯಿಂದಲೇ ಏನೋ ಮಾಡುತ್ತಾನೆ’ ಎಂದು ಸುಳ್ಳು ಹೇಳಬೇಡಿ. ಮುಂದಿನ ವಾರ ಏನದು ಎಂದು ಕೇಳುತ್ತಾರೆ. ‘ನೌಕರಿ ಬಿಟ್ಟಾನ್ರಿ, ತನ್ನ ರೊಕ್ಕದಾಗ ಅದಾನ’ ಎಂದರೆ ಅವರು ಕೇಳಬೇಕೆಂದಿದ್ದ ಎರಡನೆಯ ಪ್ರಶ್ನೆಗೂ ಉತ್ತರ ಸಿಕ್ಕಂತಾಗುತ್ತದೆ. ಅದಕ್ಕಿಂತ ಅವಸರದ ಕೆಲಸ ಒಂದಿದೆ. ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ನಿಮ್ಮಿಬ್ಬರ ಹೆಸರೂ ಇದ್ದಿದ್ದರೆ, ರಾಜೀನಾಮೆಯೊಂದಿಗೆ ಅದು ಮುಗಿದಿರುತ್ತದೆ. ಅವನ ಉಳಿತಾಯ ಎಷ್ಟು ವರ್ಷಕ್ಕೆ ಸಾಲುತ್ತದೆ ಎಂಬ ಲೆಕ್ಕದಲ್ಲಿ ಹೊಸ ವಿಮೆಯ ಕಂತನ್ನೂ ಸೇರಿಸಿದ್ದಾನೆಯೇ ಎಂದು ಈ ವಾರವೇ ಕೇಳಿ.