ಚಹಾ ಅಗ್ಗವಾಗಿತ್ತು, ಆದರೂ ನೀರಿಗೆ ಎಸೆದರು

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರುಪಾಲಾಯಿತು. ತೆರಿಗೆ ಮೇಲಿನ ಸಿಟ್ಟು ಅಂತ ಶಾಲೆಯಲ್ಲಿ ಓದಿರುತ್ತೀರಿ. ಅದು ಅರ್ಧ ಕಥೆ ಅಷ್ಟೇ. ಆ ವರ್ಷದ ಹೊಸ ಕಾನೂನು ಚಹಾವನ್ನು ಅಗ್ಗ ಮಾಡಿತ್ತು! ಸಾಲದಲ್ಲಿ ಮುಳುಗುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು ಉಳಿಸಲು ಬ್ರಿಟಿಷ್ ಸಂಸತ್ತು ಒಂದು ದಾರಿ ಹುಡುಕಿತ್ತು: ಕಂಪನಿ ತಾನೇ ಆರಿಸಿದ ಕೆಲವೇ ಏಜೆಂಟರ ಮೂಲಕ ಅಮೆರಿಕದ ವಸಾಹತುಗಳಲ್ಲಿ ನೇರವಾಗಿ ಮಾರಬಹುದು. ಅಲ್ಲಿನ ವ್ಯಾಪಾರಿಗಳ ಹೊಟ್ಟೆ ಉರಿದದ್ದು ಅದಕ್ಕೂ ಹೌದು. (ಅವರಲ್ಲಿ ಕಳ್ಳಸಾಗಣೆಯವರೂ ಇದ್ದರು, ಎಲ್ಲರನ್ನೂ ಸಾಚಾ ಮಾಡುವುದು ಬೇಡ.)

ಸಾಮಾನು ಅಗ್ಗಕ್ಕೆ ಸಿಕ್ಕರೆ ಸಾಕಾ, ಅಥವಾ ಪೇಟೆ ಯಾರ ಹಿಡಿತದಲ್ಲಿದೆ ಅಂತಲೂ ಕೇಳಬೇಕಾ? ಜಗಳ ಇರುವುದೇ ಇಲ್ಲಿ.

1890ರಲ್ಲಿ ಅಮೆರಿಕ ಏಕಸ್ವಾಮ್ಯ ತಡೆಯುವ ಶೆರ್ಮನ್ ಕಾಯ್ದೆ ತಂದಾಗ ಇಡೀ ಸಂಸತ್ತಿನಲ್ಲಿ ವಿರೋಧಿಸಿದ್ದು ಒಂದೇ ಮತ. 1911ರಲ್ಲಿ ಅದೇ ಕಾಯ್ದೆಯಡಿ ರಾಕ್‌ಫೆಲ್ಲರ್‌ನ ಸ್ಟ್ಯಾಂಡರ್ಡ್ ಆಯಿಲ್ 34 ತುಂಡಾಯಿತು. ಮರುವರ್ಷದ ಅಧ್ಯಕ್ಷ ಚುನಾವಣೆ ನನಗೆ ಇವತ್ತಿಗೂ ಅಚ್ಚರಿ. ದೊಡ್ಡ ಕಂಪನಿಗಳನ್ನು ಏನು ಮಾಡುವುದು ಅನ್ನೋ ಪ್ರಶ್ನೆಗೆ ಮತದಾರನ ಮುಂದೆ ನಾಲ್ಕು ಬೇರೆಬೇರೆ ಉತ್ತರ ಇದ್ದವು. ದೊಡ್ಡದಾಗಿಯೇ ಇರಲಿ, ಸರ್ಕಾರ ಲಗಾಮು ಹಿಡಿಯಲಿ ಅಂದರು ಥಿಯೋಡರ್ ರೂಸ್‌ವೆಲ್ಟ್. ಕೋರ್ಟಿಗೆ ಎಳೆಯೋಣ ಅಂದರು ಆಗಿನ ಅಧ್ಯಕ್ಷ ಟಾಫ್ಟ್, ಸುಮ್ನೆ ಹೇಳಿದ್ದಲ್ಲ, ಯುಎಸ್ ಸ್ಟೀಲ್ ಮೇಲೆ ಕೇಸು ಹಾಕಿ ಹಳೇ ಗೆಳೆಯ ರೂಸ್‌ವೆಲ್ಟ್‌ನ ಕೋಪಕ್ಕೂ ಸಿಕ್ಕಿದ್ದರು. ಏಕಸ್ವಾಮ್ಯ ಮುರಿದು ಸಣ್ಣವರಿಗೆ ಜಾಗ ಮಾಡಿಕೊಡೋಣ ಅಂದರು ವಿಲ್ಸನ್. ಜನರೇ ಒಡೆಯರಾಗಲಿ ಅಂದರು ಸಮಾಜವಾದಿ ಡೆಬ್ಸ್, ಅವರಿಗೂ ಸುಮಾರು 6% ಮತ ಬಿತ್ತು. ಗೆದ್ದದ್ದು ವಿಲ್ಸನ್. ಇಂಥ ಆಯ್ಕೆ ಆಮೇಲೆ ಯಾವ ಚುನಾವಣೆಯಲ್ಲಿ ಸಿಕ್ಕಿದೆ ಹೇಳಿ?

1936ರಲ್ಲಿ ಅಂಗಡಿಕಾರರ ಸರದಿ. ಎ ಆಂಡ್ ಪಿಯಂಥ ಸರಣಿ ಅಂಗಡಿಗಳು ಸರಬರಾಜುದಾರರನ್ನು ಹಿಂಡಿ ಬೇರೆ ಯಾರಿಗೂ ಸಿಗದ ದರ ಪಡೆಯುತ್ತಿದ್ದವು. ಅದಕ್ಕೆ ತಡೆ ಹಾಕುವ ರಾಬಿನ್ಸನ್-ಪ್ಯಾಟ್ಮನ್ ಕಾಯ್ದೆ ಬಂತು. 1966ರಲ್ಲಂತೂ ಲಾಸ್ ಏಂಜಲೀಸ್‌ನ ಎರಡು ದಿನಸಿ ಕಂಪನಿಗಳು ಒಂದಾಗುವುದನ್ನೇ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಬ್ಬರದ್ದೂ ಸೇರಿ ಪೇಟೆಯಲ್ಲಿ ಪಾಲು ಎಷ್ಟು ಗೊತ್ತಾ? 7.5%. ಇದು ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನಗೂ ಅನಿಸುತ್ತದೆ.

ಗಾಳಿ ತಿರುಗಿದ್ದು ಎಪ್ಪತ್ತರ ದಶಕದಲ್ಲಿ, ಅದೂ ಎರಡೂ ಕಡೆಯಿಂದ. 1975ರಲ್ಲಿ, 1936ರ ಆ ಕಾಯ್ದೆಯ ಹೆಸರಿನಲ್ಲಿರುವ ಪ್ಯಾಟ್ಮನ್, 81 ವರ್ಷದ ರೈಟ್ ಪ್ಯಾಟ್ಮನ್ ಅವರನ್ನು ಸಂಸತ್ತಿನ ಬ್ಯಾಂಕಿಂಗ್ ಸಮಿತಿಯ ಅಧ್ಯಕ್ಷಗಿರಿಯಿಂದ ಇಳಿಸಿದವರು ಅವರದೇ ಡೆಮಾಕ್ರಟಿಕ್ ಪಕ್ಷದ ಸದಸ್ಯರು. 1978ರಲ್ಲಿ ರಾಬರ್ಟ್ ಬೋರ್ಕ್ ಅನ್ನೋ ಕಾನೂನು ಪಂಡಿತರು, ಏಕಸ್ವಾಮ್ಯ ತಡೆಯುವ ಕಾಯ್ದೆಗಳ ಗುರಿ ಗ್ರಾಹಕನ ಹಿತ ಮಾತ್ರ, ಸಣ್ಣ ಅಂಗಡಿ ಉಳಿಸುವುದಲ್ಲ ಅಂತ ವಾದಿಸಿದರು. ಮರುವರ್ಷವೇ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಆ ಮಾತು ಬಂತು. 1982ರಲ್ಲಿ ರೇಗನ್ ಸರ್ಕಾರ ಕಂಪನಿಗಳ ವಿಲೀನದ ನಿಯಮ ಸಡಿಲಿಸಿತು. ಗ್ರಾಹಕನ ಹಿತ ಅಂದರೆ ಹೆಚ್ಚುಕಮ್ಮಿ ಬೆಲೆ ಅಂತಲೇ ಆಗಿಹೋಯಿತು. ಆಮೇಲೆ ಬಂದ ಡೆಮಾಕ್ರಟರೂ ಈ ಅಳತೆಗೋಲನ್ನು ಬಹಳ ಕಾಲ ಬದಲಿಸಲಿಲ್ಲ. ಅಲ್ಲಿಗೆ ಮತದಾರನಿಗೆ ಆರಿಸಲು ಉಳಿದದ್ದೇನು? ರಾಬಿನ್ಸನ್-ಪ್ಯಾಟ್ಮನ್ ಕಾಯ್ದೆ ರದ್ದಾಗಲಿಲ್ಲ, ದಶಕಗಳ ಕಾಲ ಧೂಳು ತಿಂದಿತು.

ದುಡ್ಡಿನ ವಿಷಯವೂ ಇದೆ. ರಾಷ್ಟ್ರಮಟ್ಟದ ಅಭ್ಯರ್ಥಿಗಳಿಗೆ ಕಂಪನಿಗಳು ನೇರ ದೇಣಿಗೆ ಕೊಡುವುದಕ್ಕೆ 1907ರಿಂದಲೇ ನಿಷೇಧ ಇದೆ. ಆದರೆ ಅಭ್ಯರ್ಥಿ ಜೊತೆ ಸೇರದೆ, ಸ್ವಂತವಾಗಿ ಪ್ರಚಾರಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತೀರ್ಪು ಕೊಟ್ಟಿತು. ಮೂಲೆಯಂಗಡಿಯವನಿಗೂ ಅದೇ ಹಕ್ಕು ಸಿಕ್ಕಿತು, ಕಾಗದದ ಮೇಲೆ.

ಬೆಲೆಯ ಅಳತೆ ಎಡವಿದ್ದು ಇಂಟರ್ನೆಟ್ ಕಂಪನಿಗಳ ಹತ್ತಿರ. ಗೂಗಲ್ ಸರ್ಚ್‌ಗೆ ಯಾರೂ ದುಡ್ಡು ಕೊಡುವುದಿಲ್ಲ, ಇನ್ನೆಷ್ಟು ಅಗ್ಗ ಆಗಬೇಕು? ಆದರೂ 2020ರಲ್ಲಿ ಟ್ರಂಪ್ ಸರ್ಕಾರ ಹಾಕಿದ ಕೇಸನ್ನು ಬೈಡನ್ ಸರ್ಕಾರ ಮುಂದುವರಿಸಿತು, 2024ರ ಆಗಸ್ಟ್‌ನಲ್ಲಿ ಏಕಸ್ವಾಮ್ಯ ತಡೆಯುವ ಕಾಯ್ದೆಯನ್ನು ಗೂಗಲ್ ಮುರಿದಿದೆ ಅಂತ ಕೋರ್ಟ್ ಹೇಳಿತು. ಯೂರೋಪ್ ಬೇರೆ ದಾರಿ ಹಿಡಿಯಿತು. ಅಲ್ಲಿನ 2022ರ ಡಿಜಿಟಲ್ ಮಾರುಕಟ್ಟೆ ಕಾಯ್ದೆ ಮೊದಲು ನೋಡುವುದು ಕಂಪನಿಯ ಗಾತ್ರವನ್ನು: ವಹಿವಾಟು ಎಷ್ಟು, ತಿಂಗಳಿಗೆ 4.5 ಕೋಟಿ ಬಳಕೆದಾರರು ಇದ್ದಾರಾ, ಅದರ ಮೂಲಕವೇ ಗಿರಾಕಿಯನ್ನು ಮುಟ್ಟಬೇಕಾದ ವ್ಯಾಪಾರಿಗಳು ಎಷ್ಟು ಮಂದಿ. ಸಾಮಾನು ಅಗ್ಗವೋ ದುಬಾರಿಯೋ ಅಂತ ಅದು ಕೇಳುವುದೇ ಇಲ್ಲ.