ಗಾಳಿ ಶುದ್ಧವಾದರೆ ಭೂಮಿ ಇನ್ನೂ ಬಿಸಿಯಾಗುತ್ತಾ?

ಪ್ರಶ್ನೆ: ಹೊಗೆ, ಧೂಳು ಬಿಸಿಲನ್ನು ತಡೆದು ಭೂಮಿಯನ್ನು ತಂಪಾಗಿ ಇಡುತ್ತವೆ ಎಂದು ಎಲ್ಲೋ ಓದಿದೆ. ಹಾಗಾದರೆ ಮಾಲಿನ್ಯ ಕಡಿಮೆ ಮಾಡಿದರೆ ಬಿಸಿ ಜಾಸ್ತಿ ಆಗಲ್ವಾ? ಇದು ನಿಜವೋ ಅಥವಾ ಹೊಗೆ ಬಿಡುವವರು ಕಟ್ಟಿದ ಕಥೆಯೋ?

ಉತ್ತರ: ಕಥೆ ಅಲ್ಲ, ಮುಕ್ಕಾಲು ಪಾಲು ನಿಜವೇ. ಉಳಿದ ಕಾಲು ಪಾಲಿನಲ್ಲಿ ನಮ್ಮ ದೇಶದ ಹೊಗೆಯ ಕತೆ ಇದೆ. ಅದಕ್ಕೆ ಆಮೇಲೆ ಬರೋಣ.

ಗಾಳಿಯಲ್ಲಿ ತೇಲುವ ಸಣ್ಣ ಸಣ್ಣ ಕಣಗಳಿಗೆ ವಿಜ್ಞಾನಿಗಳು ಏರೋಸಾಲ್ ಎನ್ನುತ್ತಾರೆ. ಸಮುದ್ರದ ಅಲೆ ಒಡೆದಾಗ ಹಾರುವ ಉಪ್ಪು, ಮರುಭೂಮಿಯ ಧೂಳು, ಒಲೆಯ ಮಸಿ ಎಲ್ಲವೂ ಇದರಲ್ಲಿ ಸೇರುತ್ತವೆ. ಕಲ್ಲಿದ್ದಲು, ಡೀಸೆಲ್ ಉರಿದಾಗ ಗಂಧಕದ ಅನಿಲ ಹೊರಬರುತ್ತದಲ್ಲ, ಅದು ಗಾಳಿಯಲ್ಲೇ ಬದಲಾಗಿ ಸಲ್ಫೇಟ್ ಎಂಬ ಕಣವಾಗುತ್ತದೆ. ಸಲ್ಫೇಟ್ ಬಿಸಿಲನ್ನು ಚೆದುರಿಸಿ ಒಂದಷ್ಟನ್ನು ಬಾಹ್ಯಾಕಾಶಕ್ಕೆ ವಾಪಸ್ ಕಳಿಸುತ್ತದೆ. ಅಷ್ಟರ ಮಟ್ಟಿಗೆ ಭೂಮಿಗೆ ತಂಪು.

ಆದರೆ ದೊಡ್ಡ ಕೆಲಸ ಆಗುವುದು ಮೋಡದೊಳಗೆ.

1880ರಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕನ್ ಒಂದು ಸರಳ ಪ್ರಯೋಗ ಮಾಡಿದ. ಎರಡು ಗಾಜಿನ ಪಾತ್ರೆ ತೆಗೆದುಕೊಂಡ. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ಹತ್ತಿಯಲ್ಲಿ ಸೋಸಿದ ಗಾಳಿ. ಎರಡಕ್ಕೂ ಹಬೆ ಬಿಟ್ಟ. ಮಾಮೂಲಿ ಗಾಳಿಯ ಪಾತ್ರೆಯಲ್ಲಿ ದಟ್ಟ ಮಂಜು ಕವಿಯಿತು. ಸೋಸಿದ ಗಾಳಿಯಲ್ಲಿ ಏನೂ ಕಾಣಲಿಲ್ಲ! ನೀರಾವಿ ತಾನೇ ತಾನಾಗಿ ಹನಿಯಾಗುವುದಿಲ್ಲ, ಅದಕ್ಕೆ ಕೂರಲು ಒಂದು ಕಣ ಬೇಕು. ಆಕಾಶದಲ್ಲಿ ಕಾಣುವ ಒಂದೊಂದು ಮೋಡದ ಹನಿಯ ಹೊಟ್ಟೆಯಲ್ಲೂ ಹೀಗೊಂದು ಕಣ ಇದೆ, ಇಲ್ಲವೇ ಉಪ್ಪಿನ ಹಾಗೆ ನೀರಲ್ಲಿ ಕರಗಿಹೋಗಿದೆ.

ಈಗ ಕಣಗಳ ಸಂಖ್ಯೆ ಹೆಚ್ಚಾಯಿತು ಎಂದುಕೊಳ್ಳಿ. ನೀರು ಅಷ್ಟೇ ಇದೆ, ಪಾಲುದಾರರು ಜಾಸ್ತಿ. ಒಬ್ಬೊಬ್ಬರಿಗೆ ಸಿಗುವುದು ಕಡಿಮೆ. ಹನಿಗಳು ಸಣ್ಣದಾಗುತ್ತವೆ, ಸಂಖ್ಯೆಯಲ್ಲಿ ಹೆಚ್ಚಾಗುತ್ತವೆ. ಇದರಿಂದ ಮೋಡ ಇನ್ನೂ ಬೆಳ್ಳಗಾಗುತ್ತದೆ. ನಂಬಿಕೆ ಬರದಿದ್ದರೆ ಅಡುಗೆಮನೆಗೆ ಹೋಗಿ ಒಂದು ತುಂಡು ಕಲ್ಲುಸಕ್ಕರೆ ನೋಡಿ. ಗಾಜಿನ ಹಾಗೆ ಇರುತ್ತದೆ, ಬೆಳಕು ಹಾದುಹೋಗುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿ. ಅಚ್ಚ ಬಿಳಿ! ಸಕ್ಕರೆ ಅದೇ, ತೂಕ ಅದೇ. ಬೆಳಕು ತಾಗಿ ತಿರುಗಲು ಮೈ ಹೆಚ್ಚಾಯಿತು ಅಷ್ಟೆ. ಮೋಡಕ್ಕೂ ಹೀಗೇ ಆಗುತ್ತದೆ ಎಂದು 1970ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದವರು ಶಾನ್ ಟೂಮಿ ಎಂಬ ವಿಜ್ಞಾನಿ. ಈ ಪರಿಣಾಮಕ್ಕೆ ಇವತ್ತಿಗೂ ಅವರದೇ ಹೆಸರು.

ಇನ್ನೊಂದು ಮಾತೂ ಇದೆ. ಒಂದು ಮಳೆಹನಿ ಆಗಬೇಕಾದರೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಒಟ್ಟುಗೂಡಬೇಕು. ಹನಿ ತೀರಾ ಸಣ್ಣದಾದರೆ ಒಂದಕ್ಕೊಂದು ಡಿಕ್ಕಿ ಹೊಡೆದು ಸೇರುವುದೇ ಕಷ್ಟ. ಆಗ ತೆಳು ಮೋಡಗಳು ಸುರಿಯದೆ ಹಾಗೇ ನಿಂತುಬಿಡಬಹುದು. ಹೊಗೆ ಜಾಸ್ತಿಯಾದರೆ ಎಲ್ಲ ಕಡೆ ಮಳೆ ಕಡಿಮೆ ಎಂದು ಇದರಿಂದ ಹೇಳಿಬಿಡುವ ಹಾಗಿಲ್ಲ. ಎತ್ತರಕ್ಕೆ ಬೆಳೆಯುವ ಗುಡುಗಿನ ಮೋಡದ ಲೆಕ್ಕವೇ ಬೇರೆ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಸಮುದ್ರದ ಮೇಲಿನ ಉಪಗ್ರಹ ಚಿತ್ರ ನೋಡಬೇಕು. ಹಡಗು ಹೋದ ದಾರಿಯುದ್ದಕ್ಕೂ ಮೋಡದ ಮೇಲೆ ಬಿಳಿ ಗೀರು ಎಳೆದ ಹಾಗೆ ಇರುತ್ತದೆ. ಹಡಗಿನ ಚಿಮಣಿಯ ಹೊಗೆ ಮೋಡವನ್ನು ಬೆಳ್ಳಗೆ ಮಾಡಿರುತ್ತದೆ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕ ಶೇ 3.5ರ ಬದಲು ಶೇ 0.5ಕ್ಕಿಂತ ಹೆಚ್ಚು ಇರಬಾರದು ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ಆಮೇಲೆ ಈ ಗೀರುಗಳು ಎದ್ದು ಕಾಣುವಷ್ಟು ಕಡಿಮೆಯಾದವು. ಬಂದರು ಊರುಗಳ ಜನ ಒಳ್ಳೆಯ ಗಾಳಿ ಉಸಿರಾಡಿದರು, ಸಮುದ್ರಕ್ಕೆ ಸ್ವಲ್ಪ ಜಾಸ್ತಿ ಬಿಸಿಲು ಬಿತ್ತು. 2023ರ ವಿಪರೀತ ಬಿಸಿಯಲ್ಲಿ ಇದರ ಪಾಲೆಷ್ಟು ಎಂದು ವಿಜ್ಞಾನಿಗಳ ನಡುವೆ ಜೋರು ವಾದವೇ ನಡೆದಿದೆ.

ಒಟ್ಟು ಲೆಕ್ಕ ಕೇಳಿದರೆ, ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2021ರ ವರದಿ ಹೀಗೆ ಹೇಳುತ್ತದೆ. ನಾವು ಬಿಟ್ಟ ಹಸಿರುಮನೆ ಅನಿಲಗಳು ಭೂಮಿಯನ್ನು 1ರಿಂದ 2 ಡಿಗ್ರಿ ಬಿಸಿ ಮಾಡಿವೆ. ಮುಖ್ಯವಾಗಿ ಈ ಕಣಗಳು 0ಯಿಂದ 0.8 ಡಿಗ್ರಿ ತಂಪು ಮಾಡಿವೆ. ಕಳೆದು ಕೂಡಿ ನಮಗೆ ತಟ್ಟಿರುವುದು ಸುಮಾರು 1.1 ಡಿಗ್ರಿ. ಸೊನ್ನೆ ಎಲ್ಲಿ, 0.8 ಎಲ್ಲಿ! ಇಡೀ ಹವಾಮಾನ ಲೆಕ್ಕದಲ್ಲಿ ವಿಜ್ಞಾನಿಗಳ ನಿದ್ದೆ ಕೆಡಿಸುವ ಅಂಕಿ ಇದೇ.

ಈಗ ಆ ಉಳಿದ ಕಾಲು ಪಾಲು.

ಹವಾಮಾನ ವಿಜ್ಞಾನಿ ವೀರಭದ್ರನ್ ರಾಮನಾಥನ್ ಹೆಸರು ಕೇಳಿರಬಹುದು. ಓದು ಮುಗಿಸಿ ರೆಫ್ರಿಜರೇಟರ್ ಕಂಪನಿಯೊಂದರಲ್ಲಿ ಅನಿಲ ಸೋರುವುದನ್ನು ತಡೆಯುವ ಕೆಲಸ ಮಾಡಿದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದರು. ಅದೇ ಫ್ರಿಜ್ ಅನಿಲದ ಒಂದು ಅಣು ಇಂಗಾಲದ ಡೈಆಕ್ಸೈಡಿನ ಸಾವಿರಾರು ಅಣುಗಳಷ್ಟು ಶಾಖ ಹಿಡಿಯುತ್ತದೆ ಎಂದು 1975ರಲ್ಲಿ ತೋರಿಸಿದವರು ಇವರೇ. 1999ರಲ್ಲಿ ಅವರು ಮತ್ತು ನೊಬೆಲ್ ಪಡೆದ ಪಾಲ್ ಕ್ರುಟ್ಸನ್ ಸೇರಿ ಹಿಂದೂ ಮಹಾಸಾಗರದ ಮೇಲೆ ಇಂಡೋಎಕ್ಸ್ ಎಂಬ ದೊಡ್ಡ ಅಧ್ಯಯನ ನಡೆಸಿದರು. ಹಡಗು, ವಿಮಾನ, ಉಪಗ್ರಹ, ಮಾಲ್ಡೀವ್ಸ್‌ನ ಪುಟ್ಟ ದ್ವೀಪದಲ್ಲೊಂದು ವೀಕ್ಷಣಾಲಯ. ಅಲ್ಲಿ ಕಂಡದ್ದು 3 ಕಿಲೋಮೀಟರ್ ಎತ್ತರದವರೆಗೆ ಹರಡಿದ ಕಂದು ಮಬ್ಬು. ಚಳಿಗಾಲದಲ್ಲಿ ಗಾಳಿ ನಮ್ಮ ಕಡೆಯಿಂದ ಸಮುದ್ರದ ಕಡೆ ಬೀಸುತ್ತದಲ್ಲ, ಅದರ ಜೊತೆ ದಕ್ಷಿಣ ಏಷ್ಯಾದ ಹೊಗೆಯೆಲ್ಲ ಅಲ್ಲಿಗೆ ಹೋಗಿತ್ತು.

ಈ ಮಬ್ಬಿನಲ್ಲಿ ಮಸಿ ಜಾಸ್ತಿ ಇತ್ತು. ಮಸಿ ಬಿಸಿಲನ್ನು ವಾಪಸ್ ಕಳಿಸುವುದಿಲ್ಲ, ಹೀರಿಕೊಳ್ಳುತ್ತದೆ. ಸಮುದ್ರದ ಮೇಲ್ಮೈಗೆ ತಲುಪುವ ಬಿಸಿಲು ಶೇ 10ರಷ್ಟು ಕಡಿಮೆಯಾಗಿತ್ತು. ಆದರೆ ಆ ಶಾಖ ಎಲ್ಲೂ ಹೋಗಿರಲಿಲ್ಲ, ನಡುವಿನ ಗಾಳಿಯಲ್ಲೇ ಕೂತಿತ್ತು. ಕೆಳಗೆ ತಂಪು, ಮೇಲೆ ಬಿಸಿ. ಈ ವ್ಯತ್ಯಾಸವನ್ನು ಅಳೆದು 2000ದಲ್ಲಿ ರಾಮನಾಥನ್ ಜೊತೆ ಪ್ರಕಟಿಸಿದವರು ಎಸ್. ಕೆ. ಸತೀಶ್. ಮುಂದೆ ಅವರು ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

2006ರಲ್ಲಿ ರಾಮನಾಥನ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪೈಲಟ್ ಇಲ್ಲದ ಮೂರು ಪುಟ್ಟ ವಿಮಾನಗಳನ್ನು ಮಾಲ್ಡೀವ್ಸ್ ಮೇಲೆ ಒಂದರ ನೆತ್ತಿಯ ಮೇಲೆ ಒಂದು ಹಾರಿಸಿದರು. ಒಂದು ಮಬ್ಬಿನ ಕೆಳಗೆ, ಒಂದು ಒಳಗೆ, ಒಂದು ಮೇಲೆ. ಬಿಸಿಲಿನಿಂದ ಆ ಗಾಳಿ ಕಾಯುವುದು ಮಬ್ಬಿನಿಂದಾಗಿ ಸುಮಾರು ಶೇ 50ರಷ್ಟು ಹೆಚ್ಚಿದೆ ಎಂದು ಲೆಕ್ಕ ಸಿಕ್ಕಿತು. ಇಷ್ಟು ನೇರವಾದ, ಇಷ್ಟು ಚೆಂದದ ಪ್ರಯೋಗ ನನಗೆ ಬೇರೆ ನೆನಪಿಲ್ಲ.

ಮಳೆಗಾಲಕ್ಕೂ ಇದರ ನಂಟಿದೆ. ಸಮುದ್ರಕ್ಕೆ ಬಿಸಿಲು ಕಡಿಮೆಯಾದರೆ ಆವಿ ಏಳುವುದೂ ಕಡಿಮೆ. ಉತ್ತರದ ಕಡೆ ಮಬ್ಬು ಜಾಸ್ತಿ, ದಕ್ಷಿಣದ ಕಡೆ ಕಡಿಮೆ. ಮುಂಗಾರನ್ನು ಎಳೆದು ತರುವುದೇ ಈ ಉತ್ತರ ದಕ್ಷಿಣಗಳ ನಡುವಿನ ಬಿಸಿಯ ವ್ಯತ್ಯಾಸ. ಅದು ಸಡಿಲವಾದರೆ ಮುಂಗಾರೂ ಸೊರಗುತ್ತದೆ ಎಂದು 2005ರಲ್ಲಿ ಅವರ ತಂಡದ ಕಂಪ್ಯೂಟರ್ ಮಾದರಿ ತೋರಿಸಿತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಗಂಧಕದ ಹೊಗೆ ಕಡಿಮೆ ಮಾಡಿದರೆ ಭೂಮಿ ಸ್ವಲ್ಪ ಬಿಸಿಯಾಗುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಅದು ಹೊಸ ಬಿಸಿ ಅಲ್ಲ, ನಾವು ಆಗಲೇ ಮಾಡಿಕೊಂಡ ಸಾಲ. ಇಷ್ಟು ದಿನ ಕಾಣದ ಹಾಗೆ ಹೊಗೆ ಮುಚ್ಚಿತ್ತು. ಮಸಿ ಕಡಿಮೆ ಮಾಡಿದರೆ ಎದೆಗೂ ಒಳ್ಳೆಯದು, ಹವಾಮಾನಕ್ಕೂ ಬಹುಮಟ್ಟಿಗೆ ಒಳ್ಳೆಯದು. ರಾಮನಾಥನ್ ಕೊನೆಗೆ ಕೈ ಹಾಕಿದ್ದೂ ಅದಕ್ಕೇ. ಸೌದೆ ಒಲೆಯ ಮುಂದೆ ಅಜ್ಜಿ ಕೆಮ್ಮುತ್ತಿದ್ದುದನ್ನು ನೆನಪಿಸಿಕೊಳ್ಳುವ ಅವರು, ಉತ್ತರ ಪ್ರದೇಶದ ಹಳ್ಳಿಯಲ್ಲಿ ಕಡಿಮೆ ಹೊಗೆಯ ಒಲೆ ಹಂಚುವ ಸೂರ್ಯ ಎಂಬ ಯೋಜನೆ ಶುರುಮಾಡಿದರು. ಗಂಧಕ ಇಳಿಸುವಾಗ ಮಸಿ, ಮೀಥೇನ್‌ಗಳನ್ನೂ ಜೊತೆಗೇ ಇಳಿಸಿದರೆ ಈ ಬಿಸಿಯ ಏಟು ತಗ್ಗುತ್ತದೆ.

ಇಷ್ಟು ಓದಿದವರು ಸಾಮಾನ್ಯವಾಗಿ ಕೇಳುವ ಮರುಪ್ರಶ್ನೆ ಒಂದಿದೆ: ಹಾಗಾದರೆ ಬೇಕಂತಲೇ ಆಕಾಶಕ್ಕೆ ಗಂಧಕ ಎರಚಿಬಿಡಬಹುದಲ್ವಾ? ಪ್ರಕೃತಿಯೇ ಒಮ್ಮೆ ಮಾಡಿ ತೋರಿಸಿದೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಗಂಧಕವನ್ನು ಬಲು ಎತ್ತರಕ್ಕೆ ಚಿಮ್ಮಿಸಿತು, ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಯಿತು. ಒಂದೆರಡು ವರ್ಷದಲ್ಲಿ ಆ ಗಂಧಕ ಕೆಳಗಿಳಿಯಿತು, ಬಿಸಿ ಮೊದಲಿನ ಜಾಗಕ್ಕೆ ಬಂತು. ಕೆಳಗಿನ ಗಾಳಿಯ ಹೊಗೆಯಂತೂ ಒಂದೆರಡು ವಾರದಲ್ಲಿ ಮಳೆಗೆ ತೊಳೆದುಹೋಗುತ್ತದೆ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಸಾವಿರ ವರ್ಷ ಆದರೂ ಅಲ್ಲೇ ಇರುತ್ತದೆ. ಎರಚಲು ಶುರು ಮಾಡಿದರೆ ಅಷ್ಟೂ ಕಾಲ ಎರಚುತ್ತಲೇ ಇರಬೇಕು. ನಡುವೆ ಯಾವುದೋ ಯುದ್ಧಕ್ಕೋ ದುಡ್ಡಿಲ್ಲವೆಂದೋ ನಿಲ್ಲಿಸಿದರೆ, ಅಲ್ಲಿಯವರೆಗೆ ತಡೆದಿಟ್ಟ ಬಿಸಿಯೆಲ್ಲ ಕೆಲವೇ ವರ್ಷಗಳಲ್ಲಿ ಒಟ್ಟಿಗೆ ಬಂದು ಎರಗುತ್ತದೆ.