ಥರ್ಮಾಕೋಲ್ ಗುಂಡಿಗಿ ಸ್ಪ್ರೇ ಹೊಡದ್ರ ಯಾಕ ಕರಗ್ತಾವ? ಬೊಕೆದ ಬೆರ್ರಿ ಮನ್ಯಾಗ ಮಾಡೋದು ಹೆಂಗ

ಪ್ರಶ್ನೆ: ಅಕ್ಕಾ, ಮೇ ತಿಂಗಳದಾಗ ನನ್ನ ಮದುವಿ ಅದ, ಬೀದರ್‌ದಾಗ, ಚರ್ಚಿನಾಗ. ಬೊಕೆ ನಾನೇ ಮಾಡ್ಕೋಬೇಕು, ಅದರಾಗ ಹೂವಿನ ನಡು ಇಡೋ ಕೆಂಪು ಬೆರ್ರಿ ಹಣ್ಣಿನಂಗ ಇರ್ಲಿ ಅಂತ ಸಣ್ಣ ಥರ್ಮಾಕೋಲ್ ಗುಂಡು ತಂದು ಕೆಂಪು ಸ್ಪ್ರೇ ಪೇಂಟ್ ಹೊಡದೆ, ನೋಡ್ತಾ ನೋಡ್ತಾ ಎಲ್ಲಾ ಕುಸಿದು ಒಣ ದ್ರಾಕ್ಷಿ ಆದವು. ನಂದೇನು ತಪ್ಪಾಯ್ತು?

ತಪ್ಪು ನಿಂದಲ್ಲ ತಂಗಿ, ಡಬ್ಬಿಯೊಳಗಿನ ಪೇಂಟಿಂದು. ಮದುವಿ ಸೀಜನ್ ಬಂತಂದ್ರ ಯಾರಾದ್ರೂ ಒಬ್ರು ನನಗ ಇದನ್ನೇ ಕೇಳ್ತಾರ, ಒಬ್ರಿಗಿ ಸ್ಪ್ರೇದಿಂದ ಕರಗಿರ್ತಾವ, ಇನ್ನೊಬ್ರು ಮಿಂಚು ಬರ್ಲಿ ಅಂತ ನೇಲ್ ಪಾಲಿಶ್ ಹಚ್ಚಿ ಕರಗಿಸ್ಕೊಂಡಿರ್ತಾರ, ನಾನೂ ಮೊದಲ ಸಲ ಒಂದು ಪಾಕೀಟ್ ಗುಂಡು ಪೂರಾ ಹಾಳ ಮಾಡೀನಿ, ಒಗೀಲಾಕ ಮನಸ್ಸು ಬರ್ದೆ ಇನ್ನಾ ಡಬ್ಬಿದಾಗ ಇಟ್ಕೊಂಡೀನಿ.

ಥರ್ಮಾಕೋಲ್ ಅಂದ್ರ ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ಕು, ಅದೂ ಹೆಚ್ಚು ಕಡಿಮಿ 2 ಪರ್ಸೆಂಟ್ ಅಷ್ಟೇ, ಉಳಿದ 98 ಪರ್ಸೆಂಟ್ ಬರೇ ಗಾಳಿ. ಅಂಗಡ್ಯಾಗ ಸಿಗೋ ಸಾಮಾನ್ಯ ಸ್ಪ್ರೇ ಪೇಂಟಿನಾಗ ಅಸಿಟೋನ್, ಟಾಲ್ವೀನ್ ಅಂಥ ಸಾಲ್ವೆಂಟ್, ಅಂದ್ರ ಕರಗಿಸೋ ದ್ರವ, ಇರ್ತಾವ, ನೇಲ್ ಪಾಲಿಶಿನಾಗ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಇರ್ತಾವ, ಇವೆಲ್ಲಾ ಪಾಲಿಸ್ಟೈರೀನ್ ಕರಗಿಸ್ತಾವ. ಗುಳ್ಳಿ ಗೋಡಿ ಕರಗಿತಂದ್ರ ಒಳಗಿನ ಗಾಳಿ ಹೊರಗ, ಗುಂಡಿನಾಗ ಮತ್ತ ಉಳೀತದೇನು? ಭಾಳ ಮಂದಿ ನಮ್ಮ ಕಡಿ ಬಿಸ್ಲಿಗಿ ಕರಗಿದವು ಅಂತ ತಿಳ್ಕೋತಾರ, ಖರೆ ಅಲ್ಲ, ಕಲಬುರಗಿ ಬಿಸ್ಲು 43 ಡಿಗ್ರಿ ಹೋದ್ರೂ ಥರ್ಮಾಕೋಲಿಗಿ ಏನೂ ಆಗಲ್ಲ, ಅದೇ ಸ್ಪ್ರೇ ನೆರಳಾಗ ಕುಂತು ಹೊಡದ್ರೂ ಕರಗೇ ಕರಗ್ತದ.

ಹಂಗಾರ ಏನ್ ಮಾಡ್ಬೇಕು? ನೀರಿನ ಪೇಂಟು, ಅಂದ್ರ ಅಕ್ರಿಲಿಕ್, ಬ್ರಶ್‌ಲೆ ಹಚ್ಚು. ಅದಕ್ಕೂ ಮೊದಲ ಫೆವಿಕಾಲಿಗಿ ಜರಾ ನೀರು ಕೂಡಿಸಿ ಗುಂಡಿಗಿ ಎರಡು ಕೈ ಹಚ್ಚಿ ಒಣಗ್ಸು, ಥರ್ಮಾಕೋಲಿನ ಆ ಸಣ್ಣ ಸಣ್ಣ ಕಾಳು ಕಾಳು ಕಾಣೋದು ಮುಚ್ಚಿ ಹಣ್ಣಿನ ಸಿಪ್ಪಿಯಂಗ ನುಣ್ಣಗ ಆಗ್ತದ. ಫೆವಿಕಾಲ್ ಹಚ್ಚಿದ ಮ್ಯಾಲ ಸ್ಪ್ರೇ ಹೊಡೀಬಹುದಲ್ಲಾ ಅಂತ ಕೇಳ್ತಿ, ಹೊಡೀಬಹುದು, ಆದ್ರ ಸೂಜಿ ಮೊನಿಯಷ್ಟು ಜಾಗ ಬಿಟ್ಟಿದ್ರೂ ಅಲ್ಲಿಂದ ಒಳಗ ಹೊಕ್ಕು ಕೊರೀತದ. ಐವತ್ತು ಬೆರ್ರಿಗಿ ಬ್ರಶ್ ಹಚ್ಚೋದು ಎರಡು ಸಂಜಿ ಕೆಲಸ, ಸ್ಪ್ರೇ ಡಬ್ಬಿ ಮರ್ತು ಬಿಡು.

ಬಣ್ಣಕ್ಕಿಂತ ಮೊದಲ ತಂತಿ ಹಾಕ್ಬೇಕು, ಇಲ್ಲಂದ್ರ ಹಿಡ್ಕೊಳ್ಳೋದು ಎಲ್ಲಿ? 22 ಗೇಜ್ ತಂತಿ ಸಾಕು, ಗೇಜ್ ನಂಬರ್ ಹೆಚ್ಚಾದಂಗ ತಂತಿ ತೆಳ್ಳಗ ಆಗ್ತದ ಅನ್ನೋದು ನೆನಪಿರ್ಲಿ, ಅಂಗಡ್ಯಾಗ ಉಲ್ಟಾ ತಿಳ್ಕೊಂಡು ದಪ್ಪಂದು ತರ್ತಾರ. ತುದಿ ಸಣ್ಣ ಕೊಕ್ಕಿಯಂಗ ಮಡಚಿ, ಫೆವಿಕಾಲಿನಾಗ ಅದ್ದಿ, ಸೀದಾ ಗುಂಡಿನಾಗ ಚುಚ್ಚು. ಗ್ಲೂ ಗನ್ ಬ್ಯಾಡ, ಅದರ ಬಿಸಿ ಅಂಟಿಗೇ ಥರ್ಮಾಕೋಲ್ ತೂತು ಬೀಳ್ತದ. ಚುಚ್ಚಿದ್ದು ಒಣಗೋ ತನಕ ಜೋಳ ತುಂಬಿದ ಗ್ಲಾಸಿನಾಗ ನಿಂದ್ರಿಸಿಡು, ಒಂದಕ್ಕೊಂದು ಹತ್ತಂಗಿಲ್ಲ. ಆಮ್ಯಾಲ ಹಸಿರು ಫ್ಲೋರಲ್ ಟೇಪ್ ಸುತ್ತು. ಆ ಟೇಪಿನಾಗ ಮೇಣ ಇರ್ತದ, ಎಳದ್ರನೇ ಅಂಟ್ತದ, ಹಂಗೇ ಸುತ್ತಿ ಅಂಟ್‌ವಲ್ದು ಅಂತ ಅತ್ತವ್ರನ್ನ ನೋಡೀನಿ.

ಈಗ ನಂದೊಂದು ಗುಟ್ಟು ಹೇಳ್ತೀನಿ, ಲವಂಗ. ಲವಂಗದ ತಲಿ ಮ್ಯಾಲಿನ ಸಣ್ಣ ಗುಂಡು ಉಗುರಲೆ ತೆಗದ್ರ ನಾಕು ಮೊನಿ ಉಳೀತಾವ, ಅದನ್ನ ಬೆರ್ರಿ ತುದಿಗಿ ಚುಚ್ಚಿದ್ರ ದಾಳಿಂಬ್ರಿ ತುದಿಯಂಗ ಕಾಣ್ತದ ನೋಡು, ದೂರಿಂದ ನೋಡಿದವ್ರು ಖರೆ ಹಣ್ಣೇ ಅಂತಾರ, ಮ್ಯಾಲ ಘಮ ಬ್ಯಾರೆ. ಹೂವಿನ ಅಂಗಡ್ಯವ್ರು ಬೊಕೆದಾಗ ಹಾಕೋ ಕೆಂಪು ಬೆರ್ರಿ ಹೈಪೆರಿಕಂ ಅಂತ, ಅದರಂಗೇ ಬೇಕಂದ್ರ ಬುಡದಾಗ ಐದು ಸಣ್ಣ ಹಸಿರು ಎಲಿನೂ ಇರ್ಬೇಕು, ಅದೇ ಟೇಪು ಕತ್ತರಿಸಿ ಮಾಡು.

ಬಣ್ಣ ಒಂದೇ ಕೆಂಪು ಹಚ್ಚಬ್ಯಾಡ, ಜಾತ್ರಿ ಪ್ಲಾಸ್ಟಿಕ್ ಸರದಂಗ ಕಾಣ್ತದ. ಬಾರಿಹಣ್ಣಿನ ಗಿಡ ನೋಡಿಯಲ್ಲ, ಒಂದೇ ಟೊಂಗ್ಯಾಗ ಹಸಿರು, ಹಳದಿ, ಕೆಂಪು, ಕಂದು ಎಲ್ಲಾ ಇರ್ತಾವ, ಹಂಗ ಮೂರು ನಾಕು ಛಾಯಾ ಮಾಡು, ಐದರಾಗ ಒಂದು ಅರ್ಧ ಕಾಯಿ ಇರ್ಲಿ. ಬೀದರ್ ಹುಡುಗಿ ಇದ್ದಿ, ಬಿದ್ರಿ ಸಾಮಾನಿನಂಗ ಮಿಂಚಿಲ್ಲದ ಕರಿ ಬಣ್ಣ ಹಚ್ಚಿ ಮ್ಯಾಲ ಬೆಳ್ಳಿ ಚುಕ್ಕಿ ಇಟ್ಟ ಐದಾರು ಬೆರ್ರಿ ನಡು ನಡು ಹಾಕಿದ್ರ ಭಾಳ ಛಂದ ಆಗ್ತದ, ಆದ್ರ ಮದುವಿಗಿ ಕರಿ ಯಾಕಬೇ ಅಂತ ಅತ್ತಿ ಕಡಿಯವ್ರು ಅಂದ್ರ ನನ್ನ ಹೆಸರು ಹೇಳಬ್ಯಾಡ.

ಥರ್ಮಾಕೋಲೇ ಬ್ಯಾಡ ಅನ್ನೋರು ಹಿಟ್ಟು ಮಾಡ್ಕೋಬಹುದು. ಒಂದು ಕಪ್ ಕಾರ್ನ್‌ಫ್ಲೋರ್, ಒಂದು ಕಪ್ ಫೆವಿಕಾಲ್, ಎರಡು ಚಮಚ ಬೇಬಿ ಆಯಿಲ್, ಬೂಸ್ಟ ಹತ್ತಬಾರ್ದಂತ ಒಂದು ಚಮಚ ನಿಂಬಿ ರಸ, ಸಣ್ಣ ಉರಿ ಮ್ಯಾಲ ತಿರುವ್ಕೋತ ಇರು, ಪಾತ್ರಿ ಬಿಟ್ಟು ಮುದ್ದಿ ಆದ ಮ್ಯಾಲ ಇಳಿಸಿ ಬಿಸಿ ಬಿಸಿ ಇದ್ದಾಗೇ ನಾದಿ ಪ್ಲಾಸ್ಟಿಕ್‌ನಾಗ ಸುತ್ತಿಡು. ಅಡುಗಿ ಪಾತ್ರಿ ಬಳಸಬ್ಯಾಡ, ಹಳೇದೊಂದು ಇದಕ್ಕೇ ತೆಗದಿಡು. ಒಣಗಲಾಕ ಎರಡು ಮೂರು ದಿನ ಬೇಕು, ಒಣಗಿದ ಮ್ಯಾಲ ಸಣ್ಣ ಆಗ್ತದ, ಅದಕ್ಕ ಮೊದಲೇ ಜರಾ ದೊಡ್ಡದು ಮಾಡು. ನಮ್ಮ ಕಡಿ ಬ್ಯಾಸಗಿ ಒಣ ಗಾಳಿಗಿ ಇದು ಸೀಳ್ತದ, ಯಾಕಂದ್ರ ಒಳಗ ಹಸಿ ಇದ್ದಾಗೇ ಹೊರಗ ಒಣಗಿ ಬಿಗೀತದ, ಮಾಳಿಗಿ ಮ್ಯಾಲೂ ಬ್ಯಾಡ, ಫ್ಯಾನ್ ಕೆಳಗೂ ಬ್ಯಾಡ, ಮೂಲ್ಯಾಗ ಇಡು. ತೂಕ ಮಾತ್ರ ಹೆಚ್ಚು, 50 ಮಾಡಿ ಹಿಡ್ಕೊಂಡು ನಿಂತ್ರ ಕೈ ಜಗ್ತದ.

ಇಷ್ಟೆಲ್ಲಾ ಯಾಕ, ಒಣ ವಟಾಣಿಗೇ ಬಣ್ಣ ಹಚ್ಚಿದ್ರ ಆಯ್ತಲ್ಲಾ ಅಂತ ನಾನೂ ಒಮ್ಮೆ ಶಾಣ್ಯಾತನ ಮಾಡೀನಿ, ಮದುವಿ ದಿನ ಛಂದೇ ಇತ್ತು, ಮಳಿಗಾಲದಾಗ ನುಸಿ ಹತ್ತಿ ಬೊಕೆದಾಗಿಂದ ಪುಡಿ ಉದುರ್ಲಾಕ ಶುರು ಆಯ್ತು. ಗುಲಗಂಜಿ ಕೆಂಪು ಕರಿ ಛಂದ ಅವ ಅಂತ ಹಾಕೋದಂತೂ ಬ್ಯಾಡೇ ಬ್ಯಾಡ, ಅದರಾಗ ಏಬ್ರಿನ್ ಅನ್ನೋ ಘೋರ ವಿಷ ಅದ, ಮದುವಿ ಮನ್ಯಾಗ ಸಣ್ಣ ಹುಡುಗ್ರು ಕೈಗಿ ಸಿಕ್ಕಿದ್ದು ಬಾಯಾಗ ಹಾಕ್ತಾವ.

ಬೊಕೆ ಕಟ್ಟುವಾಗ ಎಲ್ಯಾರ ಗ್ಲೂ ಗನ್ ಬಳಸಿದ್ರ ಆ ಬೊಕೆ ಬಿಸ್ಲಾಗ ನಿಂತ ಕಾರಿನಾಗ ಇಡಬ್ಯಾಡ, ಕಿಡಕಿ ಹಾಕಿದ ಕಾರಿನೊಳಗ ಆ ಅಂಟು ಮೆತ್ತಗಾಗಿ ಕೀಲು ಬಿಡ್ತದ. ಮತ್ತ ಬಿಳಿ ಸೀರಿ ಉಡ್ತಿ ಅಲ್ಲ, ಪೋಸ್ಟರ್ ಕಲರ್ ಮುಟ್ಟಬ್ಯಾಡ, ಬೆವರು ತಾಗಿದ್ರ ಬಿಡ್ತದ. ಅಕ್ರಿಲಿಕ್ ಒಣಗಿದ ಮ್ಯಾಲ ನೀರಿಗಿ ಬಿಡಂಗಿಲ್ಲ, ಆದ್ರೂ ಮದುವಿಗಿ ನಾಕು ದಿನ ಮೊದಲ ಒಂದು ಬಿಳಿ ಬಟ್ಟಿ ತೋಯಿಸಿ ಒಂದೊಂದು ಬೆರ್ರಿ ಒರಸಿ ನೋಡು, ಬಟ್ಟಿಗಿ ಕೆಂಪು ಬಂತಂದ್ರ ಅದಕ್ಕ ನೀರಿನ ವಾರ್ನಿಶ್ ಇನ್ನೊಂದು ಕೈ ಹಚ್ಚು, ಬರಲಿಲ್ಲಂದ್ರ ಡಬ್ಬಿದಾಗ ಪೇಪರ್ ಹಾಸಿ ಎತ್ತಿಡು.